ಗಡಿಪಾರಾದವನ ಮನೆಯವರ ಪರವಾಗಿ: ಬ್ರಿಟನ್ನಿನ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡ ಬಂಧುಗಳಿಗೆ ಮತ್ತು ಇಲ್ಲಿನ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ,

ನಮಸ್ಕಾರ.

ಈ ಪತ್ರವನ್ನು ಗೃಹ ಸಚಿವರಿಗೆ ಬರೆಯಬಹುದಿತ್ತು. ಅವರಿಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಿಮಗೆ ಬರೆಯುವವರು ಕಡಿಮೆ. ಅದೂ ಅಲ್ಲದೆ, ನನ್ನ ದೂರಿನಲ್ಲಿ ಅರ್ಧ ಸರ್ಕಾರದ ಮೇಲಿದ್ದರೆ ಇನ್ನರ್ಧ ನಮ್ಮ ಮೇಲೇ ಇದೆ.

ಜೈಲು ಶಿಕ್ಷೆಯಾದ ವಿದೇಶಿ ಪ್ರಜೆಯನ್ನು ಈ ದೇಶದಿಂದ ಗಡಿಪಾರು ಮಾಡುವಾಗ ಅವನ ಹೆಂಡತಿ ಮಕ್ಕಳ ಬದುಕನ್ನು ಲೆಕ್ಕಕ್ಕೆ ಹಿಡಿಯಬೇಕೇ? ಹಿಡಿದರೆ ಎಷ್ಟು? ಇದು ವಿಷಯ. "ತಪ್ಪು ಮಾಡಿದವನು ಹೋಗಲಿ ಬಿಡಿ, ನಮಗೇನು" ಎಂದು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ಪ್ರಶ್ನೆ. ಹೆಬ್ಬೆರಳಿನ ಚಿತ್ರ ಹಾಕಿ ಮುಂದೆ ಹೋಗುತ್ತೇವೆ. ನಮಗೇನು ಎಂಬುದನ್ನೇ ಇಲ್ಲಿ ಹೇಳಬೇಕಾಗಿದೆ.

ನಾನು ವಕೀಲೆ ಅಲ್ಲ. ಭಾರತದಿಂದ ಬಂದ ಕುಟುಂಬಗಳಿಗೆ ಕಾಗದಪತ್ರ ಜೋಡಿಸಿಕೊಡುವುದು, ಕನ್ನಡದಲ್ಲಿರುವುದನ್ನು ಇಂಗ್ಲಿಷಿಗೆ ಮಾಡಿಕೊಡುವುದು, ವಿಚಾರಣೆಯ ದಿನ ಯಾರೂ ಜೊತೆಗಿಲ್ಲದಿದ್ದರೆ ಹೋಗಿ ಕೂರುವುದು, ಇಷ್ಟೇ ನನ್ನ ಕೆಲಸ. ದುಡ್ಡಿಗಲ್ಲ. ಹಾಗೆ ಕೂತು ಕಂಡದ್ದರಲ್ಲಿ ಒಂದು ಮನೆಯ ಕಥೆ ಹೇಳುತ್ತೇನೆ. ಮನೆಯವರು ಒಪ್ಪಿದ್ದಾರೆ. ಹೆಸರು, ಊರು ಬೇಡ ಎಂದಿದ್ದಾರೆ. ನಾನೂ ಹೇಳುವುದಿಲ್ಲ.

ಗಂಡ, ಹೆಂಡತಿ, ಇಬ್ಬರು ಮಕ್ಕಳು. ದೊಡ್ಡವಳು ಮೂರು ವರ್ಷದವಳಿದ್ದಾಗ ಇಲ್ಲಿಗೆ ಬಂದವರು. ಗಂಡ ಹೆಂಡತಿ ಇಬ್ಬರಿಗೂ ಐಎಲ್‌ಆರ್, ಅಂದರೆ ಅವಧಿಯ ಮಿತಿಯಿಲ್ಲದೆ ಇಲ್ಲಿ ನೆಲೆಸುವ ಅನುಮತಿ, ಸಿಕ್ಕಿತ್ತು. ಚಿಕ್ಕವನು ಅದಾದ ಮೇಲೆ ಹುಟ್ಟಿದ್ದರಿಂದ ಹುಟ್ಟಿನಿಂದಲೇ ಬ್ರಿಟಿಷ್. ಗಂಡ ಮಾತ್ರ ಭಾರತದ ಪಾಸ್‌ಪೋರ್ಟ್ ಬಿಟ್ಟಿರಲಿಲ್ಲ. ಕಾರಣ ನಮಗೆಲ್ಲ ಗೊತ್ತಿರುವುದೇ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿನ ಮೇಲೆ ಕೃಷಿ ಜಮೀನು ಕೊಳ್ಳುವಂತಿಲ್ಲ, ಮುಂದೆ ವಾಪಸ್ ಹೋಗುವ ಆಸೆ ಒಂದು ಕಡೆ. "ಐಎಲ್‌ಆರ್ ಇದೆಯಲ್ಲ, ಸಾಕು" ಅಂದುಕೊಂಡರು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದೇ ಲೆಕ್ಕಾಚಾರ ನಡೆದಿದೆ ಹೇಳಿ?

ಒಂದು ರಾತ್ರಿ ಅವನು ಅಪಾಯಕಾರಿಯಾಗಿ ಕಾರು ಓಡಿಸಿ ಒಬ್ಬ ಸೈಕಲ್ ಸವಾರನಿಗೆ ಗುದ್ದಿದ. ಆ ಮನುಷ್ಯ ಬದುಕಿದ, ಆದರೆ ಒಂದು ಕಾಲು ಕಳೆದುಕೊಂಡ. ಕಾರು ಓಡಿಸುತ್ತಿದ್ದ ಇವನ ಕೈಯಲ್ಲಿ ಫೋನ್ ಇತ್ತು ಎಂಬುದು ಸಾಬೀತಾಯಿತು. ಎರಡು ವರ್ಷ ಶಿಕ್ಷೆ ಆಯಿತು. ಇದನ್ನು ನಾನು ಸಣ್ಣದು ಮಾಡಿ ಹೇಳುತ್ತಿಲ್ಲ. ಕಾಲು ಹೋದವನಿಗೂ ಮನೆ ಇದೆ, ಮಕ್ಕಳಿದ್ದಾರೆ. ಅವರ ಬದುಕನ್ನು ತೂಗಲು ಆಮೇಲೆ ಯಾವ ಟ್ರಿಬ್ಯೂನಲ್ಲೂ, ಅಂದರೆ ಮೇಲ್ಮನವಿ ಕೇಳುವ ನ್ಯಾಯಮಂಡಳಿಯೂ, ಕೂರುವುದಿಲ್ಲ.

ಶಿಕ್ಷೆ ಎರಡು ವರ್ಷ. ಬ್ರಿಟಿಷ್ ಪ್ರಜೆಗಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಇವನಿಗೆ ಅಲ್ಲಿಂದ ಇನ್ನೊಂದು ಶುರುವಾಯಿತು. 2007ರ ಯುಕೆ ಬಾರ್ಡರ್ಸ್ ಕಾಯ್ದೆಯ ಪ್ರಕಾರ, ಇಲ್ಲಿ 12 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಜೈಲು ಶಿಕ್ಷೆಯಾದ ವಿದೇಶಿ ಪ್ರಜೆಯ ಮೇಲೆ ಗೃಹ ಸಚಿವರು ಗಡಿಪಾರು ಆದೇಶ ಹೊರಡಿಸಲೇಬೇಕು. ಹೊರಡಿಸಬಹುದು ಎಂದಲ್ಲ, ಹೊರಡಿಸಲೇಬೇಕು. ಐಎಲ್‌ಆರ್ ಇದ್ದರೂ ಅಷ್ಟೇ. ಇಪ್ಪತ್ತು ವರ್ಷ ತೆರಿಗೆ ಕಟ್ಟಿದ್ದರೂ ಅಷ್ಟೇ. 12 ತಿಂಗಳಿಗಿಂತ ಕಡಿಮೆ ಶಿಕ್ಷೆಯಾದರೂ ಗಂಭೀರ ಹಾನಿ ಮಾಡಿದ್ದರೆ ಅಥವಾ ಮತ್ತೆ ಮತ್ತೆ ತಪ್ಪು ಮಾಡುತ್ತಿದ್ದರೆ ಗಡಿಪಾರಿನ ದಾರಿ ತೆರೆದೇ ಇರುತ್ತದೆ. ಒಮ್ಮೆ ಆದೇಶ ಆಯಿತು ಎಂದರೆ ಅದನ್ನು ರದ್ದು ಮಾಡುವ ತನಕ ಅದಕ್ಕೆ ಅವಧಿ ಎಂಬುದಿಲ್ಲ, ಅಲ್ಲಿಯವರೆಗೆ ಈ ದೇಶಕ್ಕೆ ಕಾಲಿಡುವಂತಿಲ್ಲ.

ಇದಕ್ಕೆ ಇರುವ ಮುಖ್ಯ ತಡೆ ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿ. ಖಾಸಗಿ ಬದುಕು, ಕುಟುಂಬದ ಬದುಕು ಇವಕ್ಕೆ ಗೌರವ ಕೊಡಬೇಕು ಎನ್ನುವ ವಿಧಿ. ಅದು ಅಡೆತಡೆಯಿಲ್ಲದ ಹಕ್ಕಲ್ಲ. ಅಪರಾಧ ತಡೆಯಲು, ಇತರರ ರಕ್ಷಣೆಗೆ, ಸರ್ಕಾರ ಅದರಲ್ಲಿ ಕೈ ಹಾಕಬಹುದು ಎಂದು ಅದೇ ವಿಧಿಯಲ್ಲಿ ಬರೆದಿದೆ. ಎಷ್ಟು ಕೈ ಹಾಕಬಹುದು ಎಂಬುದನ್ನು ತೂಗಿ ನೋಡಬೇಕು, ಅಷ್ಟೇ.

ಆ ತೂಗುವುದನ್ನೂ ನ್ಯಾಯಾಧೀಶರ ಮರ್ಜಿಗೆ ಬಿಟ್ಟಿಲ್ಲ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. 2014ರಲ್ಲಿ ಸಂಸತ್ತು ಒಂದು ಕಾಯ್ದೆ ಮಾಡಿ, ಅದರ ಮೂಲಕ 2002ರ ವಲಸೆ ಕಾಯ್ದೆಗೆ 117ಸಿ ಎಂಬ ಸೆಕ್ಷನ್ ಸೇರಿಸಿತು. ವಿದೇಶಿ ಅಪರಾಧಿಗಳನ್ನು ಗಡಿಪಾರು ಮಾಡುವುದು ಸಾರ್ವಜನಿಕ ಹಿತ ಎಂದು ಅದರ ಮೊದಲ ಸಾಲೇ ಹೇಳುತ್ತದೆ. ಅಪರಾಧ ದೊಡ್ಡದಾದಷ್ಟೂ ಆ ಹಿತದ ತೂಕ ಜಾಸ್ತಿ. ನಾಲ್ಕು ವರ್ಷಕ್ಕಿಂತ ಕಡಿಮೆ ಶಿಕ್ಷೆಯಾದವನಿಗೆ ಎರಡು ಸಣ್ಣ ಕಿಟಕಿಗಳಿವೆ. ಒಂದು, ಬದುಕಿನ ಬಹುಪಾಲು ಇಲ್ಲೇ ಕಾನೂನುಬದ್ಧವಾಗಿ ಕಳೆದು, ಇಲ್ಲಿನವನೇ ಆಗಿ, ಕಳಿಸಲಿರುವ ದೇಶದಲ್ಲಿ ಬೇರೂರಲು ಬಹಳ ದೊಡ್ಡ ಅಡ್ಡಿಗಳಿರುವುದು. ಇನ್ನೊಂದು, ಬ್ರಿಟಿಷ್ ಆಗಿರುವ ಅಥವಾ ಇಲ್ಲಿ ನೆಲೆನಿಂತ ಸಂಗಾತಿ ಇರುವುದು, ಇಲ್ಲವೇ ಬ್ರಿಟಿಷ್ ಆಗಿರುವ ಅಥವಾ ಇಲ್ಲಿ ಏಳು ವರ್ಷ ಬೆಳೆದ ಮಗು ಇರುವುದು. ಆದರೆ ಇದ್ದರೆ ಸಾಲದು. ಗಡಿಪಾರಿನಿಂದ ಅವರ ಮೇಲಾಗುವ ಪರಿಣಾಮ 'ಅನ್‌ಡ್ಯೂಲಿ ಹಾರ್ಷ್', ಅಂದರೆ ಮಿತಿಮೀರಿ ಕಠೋರ ಎಂದು ತೋರಿಸಬೇಕು. ನಾಲ್ಕು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾದರೆ ಈ ಎರಡು ಕಿಟಕಿಗಳೂ ಸಾಲವು, ಅವನ್ನೂ ಮೀರಿದ ಬಲವಾದ ಕಾರಣ ಬೇಕು.

ಮಿತಿಮೀರಿ ಕಠೋರ ಎಂದರೆ ಎಷ್ಟು ಕಠೋರ? 2022ರಲ್ಲಿ ಎಚ್ಎ ಇರಾಕ್ ಪ್ರಕರಣದಲ್ಲಿ (ಹೆಸರಿನ ಬದಲು ಅಕ್ಷರ, ಜೊತೆಗೆ ಅವನ ದೇಶ) ಇಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಅನಾನುಕೂಲವಾದರೆ, ಕಷ್ಟವಾದರೆ ಸಾಲದು. ಅದಕ್ಕಿಂತ ಬಹಳ ಮೇಲಿರಬೇಕು. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿತು. ಅಪ್ಪನನ್ನು ಕಳೆದುಕೊಳ್ಳುವ 'ಸಾಮಾನ್ಯ ಮಗು' ಎಂಬ ಕಲ್ಪನೆಯ ಮಗುವಿನ ಜೊತೆ ಹೋಲಿಸಬೇಡಿ, ಮುಂದಿರುವ ಈ ಮಗುವನ್ನೇ ನೋಡಿ ಎಂದಿತು. ಅದಕ್ಕೂ ಮುಂಚೆ, 2018ರ ಕೆಒ ನೈಜೀರಿಯಾ ತೀರ್ಪಿನಲ್ಲಿ, ಮಗುವಿಗೆ ಎಷ್ಟು ಕಠೋರ ಎಂದು ಅಳೆಯುವಾಗ ಅಪ್ಪ ಮಾಡಿದ ಅಪರಾಧ ಎಷ್ಟು ದೊಡ್ಡದು ಎಂಬುದನ್ನು ನಡುವೆ ತರಬಾರದು ಎಂದು ಅದೇ ಕೋರ್ಟ್ ಹೇಳಿತ್ತು. ಈ ಎರಡು ಮಾತುಗಳೇ ಈಗ ಆ ಮಕ್ಕಳಿಗೆ ಇರುವ ಆಸರೆ.

ಈಗ ಆ ಮನೆಯವರ ಮೇಲ್ಮನವಿಯ ವಿಚಾರಣೆ ನಡೆದ ಟ್ರಿಬ್ಯೂನಲ್ ಕೋಣೆಗೆ ಬನ್ನಿ. ಹೆಂಡತಿ ಸಾಕ್ಷಿ ಹೇಳಲು ಕೂತಿದ್ದಾಳೆ. ಸರ್ಕಾರದ ಪರ ವಾದಿಸುವ ಅಧಿಕಾರಿ ತುಂಬ ಮೆತ್ತಗೆ, ಮರ್ಯಾದೆಯಿಂದಲೇ ಕೇಳುತ್ತಾರೆ.

"ನಿಮ್ಮ ಗಂಡ ಜೈಲಿನಲ್ಲಿದ್ದಾಗ ಮಕ್ಕಳನ್ನು ಯಾರು ನೋಡಿಕೊಂಡರು?"

"ನಾನೇ."

"ಕೆಲಸಕ್ಕೂ ಹೋಗುತ್ತಿದ್ದಿರಿ?"

"ಹೋಗುತ್ತಿದ್ದೆ."

"ಮಕ್ಕಳು ಒಂದು ದಿನವೂ ಶಾಲೆ ತಪ್ಪಿಸಿಲ್ಲ ಎಂದು ಶಾಲೆಯ ವರದಿಯಲ್ಲಿದೆ."

"ಹೌದು."

"ಅಂದರೆ ನಿಭಾಯಿಸಿದಿರಿ."

ಅವಳು ತಲೆಯಾಡಿಸಿದಳು. ನಮ್ಮ ಹೆಣ್ಣುಮಕ್ಕಳು ಯಾರು ಕೇಳಿದರೂ ನಿಭಾಯಿಸಿದೆ ಎಂದೇ ಹೇಳುತ್ತಾರೆ, ಅಲ್ವಾ? ಇಲ್ಲ ಎನ್ನುವುದಕ್ಕೆ ನಾಚಿಕೆ. ಅದೂ ಅಲ್ಲದೆ ಇಲ್ಲ ಎಂದರೆ ಮಕ್ಕಳ ರಕ್ಷಣೆಯ ಇಲಾಖೆಯವರು ಮನೆ ಬಾಗಿಲಿಗೆ ಬರುತ್ತಾರೇನೋ ಎಂಬ ಭಯ ಬೇರೆ. ಚೆನ್ನಾಗಿ ನೋಡಿಕೊಂಡರೆ ಗಂಡ ಬೇಕಿಲ್ಲ ಎಂದಾಯಿತು. ಸರಿಯಾಗಿ ನೋಡಿಕೊಳ್ಳದಿದ್ದರೆ ತಾಯಿಯೇ ಸರಿಯಿಲ್ಲ ಎಂದಾಗುತ್ತಿತ್ತು.

ಮುಂದಿನ ಪ್ರಶ್ನೆ ಬೇರೆ ದಿಕ್ಕಿನಿಂದ ಬಂತು. ಇಡೀ ಕುಟುಂಬ ಭಾರತಕ್ಕೆ ಹೋಗಬಹುದಲ್ಲ? ಮಕ್ಕಳ ಜೊತೆ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ? ಕನ್ನಡ ಎಂದಳು ಅವಳು, ಸ್ವಲ್ಪ ಹೆಮ್ಮೆಯಿಂದಲೇ. ಮಗಳು ಶನಿವಾರದ ಕನ್ನಡ ತರಗತಿಗೆ ಹೋಗುವುದು, ಸಂಘದ ವೇದಿಕೆಯಲ್ಲಿ ಹಾಡಿದ್ದು, ಬಹುಮಾನ ಬಂದದ್ದು, ಎಲ್ಲ ಬಂತು. ಅಧಿಕಾರಿ ಬರೆದುಕೊಂಡರು. ಕೊನೆಯ ವಾದದಲ್ಲಿ ಅದು ಹೀಗೆ ತಿರುಗಿ ಬಂತು: ಮಕ್ಕಳಿಗೆ ಭಾಷೆ ಬರುತ್ತದೆ, ಸಂಸ್ಕೃತಿ ಗೊತ್ತಿದೆ, ಅಲ್ಲಿ ಹೊಂದಿಕೊಳ್ಳುತ್ತಾರೆ.

ನಮ್ಮ ಮಕ್ಕಳಿಗೆ ನಾವು ಕಷ್ಟಪಟ್ಟು ಕಲಿಸುವ ಕನ್ನಡ ಅವರ ವಿರುದ್ಧವೇ ಸಾಕ್ಷಿಯಾಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಕನ್ನಡ ಮಾತಾಡಲು ಬರುವ ಹನ್ನೆರಡು ವರ್ಷದ ಹುಡುಗಿಗೆ ಕನ್ನಡ ಓದಲು ಬರುತ್ತದೆಯೇ, ಏಳನೇ ತರಗತಿಯಲ್ಲಿ ಹೋಗಿ ಕೂತು ಪರೀಕ್ಷೆ ಬರೆಯಬಲ್ಲಳೇ ಎಂದು ಯಾರೂ ಕೇಳಲಿಲ್ಲ. ಅವಳ ಪರ ವಕೀಲರಿದ್ದಿದ್ದರೆ ಕೇಳುತ್ತಿದ್ದರು. ವಕೀಲರು ಇರಲಿಲ್ಲ. ಇಂಥ ಪ್ರಕರಣಗಳಲ್ಲಿ ಬಹುಪಾಲಿಗೆ ಸರ್ಕಾರಿ ಕಾನೂನು ನೆರವು 2013ರ ಏಪ್ರಿಲ್‌ನಿಂದ ನಿಂತುಹೋಗಿದೆ. ವಿಶೇಷ ಅರ್ಜಿ ಹಾಕಿ ಪಡೆಯುವ ಒಂದು ದಾರಿ ಇದೆ. ಅದು ಇದೆ ಎಂದು ಗೊತ್ತಾಗುವುದಕ್ಕೂ ಒಬ್ಬ ವಕೀಲ ಬೇಕು.

ಅಂದು ನ್ಯಾಯಾಧೀಶರು ಎಲ್ಲ ಓದಿದ್ದರು. ಶಾಲೆಯ ವರದಿ, ಪ್ರೊಬೇಶನ್ ಅಧಿಕಾರಿ ಬರೆದ 'ಮತ್ತೆ ಅಪರಾಧ ಮಾಡುವ ಸಂಭವ ಕಡಿಮೆ' ಎಂಬ ವರದಿ, ಮಗಳು ಬರೆದ ಪತ್ರ. ತೀರ್ಪು ಅವನ ವಿರುದ್ಧ ಬಂತು. ಆ ತೀರ್ಪು ಅನ್ಯಾಯ ಎಂದು ನಾನು ಹೇಳುತ್ತಿಲ್ಲ. ಓದಿದರೆ ಬೇಜಾರಾಗುತ್ತದೆ, ಆದರೆ ತೂಗಿ ನೋಡಿದ ಗುರುತು ಪ್ರತಿ ಪುಟದಲ್ಲೂ ಇದೆ. ಅವನು ಹೋದ. ಹೆಂಡತಿ ಮಕ್ಕಳು ಇಲ್ಲೇ ಉಳಿದರು.

ಇನ್ನೊಂದು ವಿಚಾರಣೆಯಲ್ಲಿ, ಇದು ಕನ್ನಡದವರದ್ದಲ್ಲ, ಹೆಂಡತಿಯನ್ನು ಹೊಡೆದು ಜೈಲಿಗೆ ಹೋದವನೊಬ್ಬ ತನ್ನ ಕುಟುಂಬದ ಬದುಕನ್ನೇ ಮುಂದಿಟ್ಟು ಇಲ್ಲಿ ಉಳಿಯಲು ಕೇಳಿದ. ಮಕ್ಕಳಿಗೆ ಅಪ್ಪ ಬೇಕು ಎಂದ. ಆ ಮಕ್ಕಳ ತಾಯಿ ಬಂದಿರಲಿಲ್ಲ. ಅವನನ್ನು ಕಳಿಸಿದ್ದೇ ಸರಿ ಎಂದು ನನಗನಿಸಿತು, ಈಗಲೂ ಅನಿಸುತ್ತದೆ. ಕುಟುಂಬ ಎಂದ ಕೂಡಲೇ ಕರಗಿಹೋಗಬೇಕು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವಳಲ್ಲ. ಕುಟುಂಬ ಯಾರಿಗೆ ಆಸರೆ, ಯಾರಿಗೆ ಗುರಾಣಿ ಎಂಬುದು ಒಬ್ಬೊಬ್ಬರನ್ನೂ ನೋಡಿದರೆ ಮಾತ್ರ ತಿಳಿಯುತ್ತದೆ. ನನ್ನ ಹಟ ಇಷ್ಟೇ: ನೋಡುವುದನ್ನು ನಿಲ್ಲಿಸಬೇಡಿ.

ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಎಲ್ಲ ಕಳ್ಳರನ್ನೂ ಉಳಿಸುತ್ತದೆ ಎಂದು ನಮ್ಮವರೇ ಬರೆಯುವುದನ್ನು ಓದಿದ್ದೇನೆ. ಸ್ಟ್ರಾಸ್‌ಬರ್ಗ್‌ನಲ್ಲಿರುವ ಆ ನ್ಯಾಯಾಲಯದ ಮೂರು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2001ರ ಬೂಲ್ತಿಫ್ ಪ್ರಕರಣ. ಸ್ವಿಟ್ಜರ್ಲೆಂಡಿನಲ್ಲಿ ದರೋಡೆ ಮಾಡಿ ಎರಡು ವರ್ಷ ಶಿಕ್ಷೆಯಾದ ಅಲ್ಜೀರಿಯಾದವನು, ಹೆಂಡತಿ ಸ್ವಿಸ್. ಅವನನ್ನು ಹೊರಗೆ ಹಾಕಿದ್ದು ತಪ್ಪು ಎಂದಿತು ಕೋರ್ಟ್. 2006ರ ಯೂನೆರ್ ಪ್ರಕರಣ. ಹನ್ನೆರಡನೇ ವಯಸ್ಸಿಗೆ ನೆದರ್ಲೆಂಡ್ಸ್‌ಗೆ ಬಂದ ಟರ್ಕಿಯವನು, ಒಬ್ಬನ ಸಾವಿಗೆ ಕಾರಣನಾಗಿ ಏಳು ವರ್ಷ ಶಿಕ್ಷೆ. ಡಚ್ ಸಂಗಾತಿ, ಇಬ್ಬರು ಚಿಕ್ಕ ಗಂಡುಮಕ್ಕಳು. ಅವನನ್ನು ಕಳಿಸಿದ್ದು ಸರಿ ಎಂದಿತು. 2008ರ ಮಾಸ್ಲೊವ್ ಪ್ರಕರಣ. ಆರು ವರ್ಷಕ್ಕೇ ಬಲ್ಗೇರಿಯಾದಿಂದ ಆಸ್ಟ್ರಿಯಾಕ್ಕೆ ಬಂದ ಹುಡುಗ, ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಮಾದಕ ವಸ್ತುವಿನ ಚಟಕ್ಕೆ ಬಿದ್ದು ಕಳ್ಳತನ ಮಾಡಿದವನು. ಬಾಲ್ಯವೆಲ್ಲ ಒಂದು ದೇಶದಲ್ಲಿ ಕಳೆದವನನ್ನು ಹೊರಹಾಕಲು ಬಹಳ ಗಂಭೀರ ಕಾರಣ ಬೇಕು, ಇಲ್ಲಿ ಅದಿಲ್ಲ ಎಂದಿತು. ಅದೇ ಕೋರ್ಟ್, ಅದೇ 8ನೇ ವಿಧಿ. ಅಪರಾಧ ಎಂಥದ್ದು, ಆಮೇಲೆ ಎಷ್ಟು ವರ್ಷ ಸರಿಯಾಗಿದ್ದ, ಮದುವೆ ಆಗುವಾಗ ಹೆಂಡತಿಗೆ ವಿಷಯ ಗೊತ್ತಿತ್ತೇ, ಮಕ್ಕಳ ವಯಸ್ಸೇನು, ಆ ದೇಶದಲ್ಲಿ ಅವರಿಗೆ ಏನು ಕಾದಿದೆ, ಇವನ್ನೆಲ್ಲ ನೋಡಿ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬಂತು.

ಆ ತಕ್ಕಡಿಯನ್ನು ಈಗ ಬಿಗಿ ಮಾಡುತ್ತಿದ್ದಾರೆ. 8ನೇ ವಿಧಿಯನ್ನು ಕೋರ್ಟುಗಳು ಹೇಗೆ ಅನ್ವಯಿಸಬೇಕು ಎಂಬುದಕ್ಕೆ ಹೊಸ ಕಾನೂನು ತರುತ್ತೇವೆ ಎಂದು ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಹೇಳಿತು. ಆ ಒಡಂಬಡಿಕೆಯಿಂದಲೇ ಹೊರಬರುತ್ತೇವೆ ಎಂದು ಕನ್ಸರ್ವೇಟಿವ್ ಪಕ್ಷವೂ ರಿಫಾರ್ಮ್ ಯುಕೆಯೂ ಹೇಳಿವೆ. ನಿಮ್ಮ ರಾಜಕೀಯ ನಿಮ್ಮದು, ಅದರಲ್ಲಿ ನಾನು ತಲೆ ಹಾಕುವುದಿಲ್ಲ. ಒಂದು ವಿಷಯ ಮಾತ್ರ ನಮ್ಮೆಲ್ಲರ ಮನೆಗೂ ಸೇರಿದ್ದು. 2025ರ ಆಗಸ್ಟ್‌ನಲ್ಲಿ 'ಮೊದಲು ಗಡಿಪಾರು, ಆಮೇಲೆ ಮೇಲ್ಮನವಿ' ಎಂಬ ಯೋಜನೆಯ ಪಟ್ಟಿಗೆ ಭಾರತವನ್ನೂ ಸೇರಿಸಿದರು. ಎಂಟು ದೇಶಗಳಿದ್ದ ಪಟ್ಟಿ ಇಪ್ಪತ್ತಮೂರಕ್ಕೆ ಏರಿತು. ಅಂದರೆ, ಮಾನವ ಹಕ್ಕಿನ ಅರ್ಜಿ ತಿರಸ್ಕಾರವಾದ ಭಾರತೀಯ ಅಪರಾಧಿಯನ್ನು ಮೊದಲು ವಿಮಾನ ಹತ್ತಿಸಬಹುದು. ಮೇಲ್ಮನವಿಯ ವಿಚಾರಣೆಯನ್ನು ಅವನು ಅಲ್ಲಿಂದ ವಿಡಿಯೊದಲ್ಲಿ ಎದುರಿಸಬೇಕು.

ಇದೇ ಯೋಜನೆಯ ಹಿಂದಿನ ರೂಪವನ್ನು 2017ರಲ್ಲಿ ಸುಪ್ರೀಂ ಕೋರ್ಟ್ ತಪ್ಪು ಎಂದಿತ್ತು. ಕಿಯಾರಿ ಮತ್ತು ಬಿಂಡ್ಲಾಸ್ ಪ್ರಕರಣ. ದೇಶದ ಹೊರಗಿನಿಂದ ವಕೀಲರನ್ನು ಹಿಡಿಯುವುದು, ತಜ್ಞರ ವರದಿ ತರಿಸುವುದು, ತಾನೇ ಸಾಕ್ಷಿ ಹೇಳುವುದು, ಇವೆಲ್ಲ ಆಗದಿದ್ದರೆ ಮೇಲ್ಮನವಿಗೆ ಅರ್ಥವಿಲ್ಲ ಎಂದು ಅದು ಹೇಳಿತು. ಈಗ ವಿಡಿಯೊ ವ್ಯವಸ್ಥೆ ಇದೆ, ಹಾಗಾಗಿ ಸರಿ ಎಂಬುದು ಸರ್ಕಾರದ ಮಾತು. ತಂತ್ರಜ್ಞಾನ ಸರಿ ಇರಬಹುದು. ಆದರೆ ತಂದೆ ಮಕ್ಕಳ ಸಂಬಂಧ ಎಷ್ಟು ಗಟ್ಟಿ ಎಂದು ನ್ಯಾಯಾಧೀಶರು ಅಳೆಯುವ ಹೊತ್ತಿಗೆ ತಂದೆ ಹೋಗಿ ಒಂದು ವರ್ಷ ಕಳೆದಿದ್ದರೆ ಆ ಸಂಬಂಧದಲ್ಲಿ ಅಳೆಯಲು ಏನು ಉಳಿದಿರುತ್ತದೆ? "ಮಕ್ಕಳು ಅಪ್ಪನಿಲ್ಲದೆ ಹೊಂದಿಕೊಂಡಿದ್ದಾರೆ" ಎಂದು ಬರೆದುಕೊಳ್ಳಲು ಅಧಿಕಾರಿಗೆ ಇನ್ನೂ ಸುಲಭ.

ಸರ್ಕಾರದ ಮೇಲಿನ ದೂರು ಇಷ್ಟು. ಇನ್ನು ನಮ್ಮದು.

ಆ ಹೆಂಡತಿ, ಗಂಡನಿಗೆ ಶಿಕ್ಷೆಯಾದ ವಾರದಲ್ಲಿ ತನ್ನ ಊರಿನ ಕನ್ನಡ ಗುಂಪಿನಿಂದ ಹೊರಬಿದ್ದಳು. ಯಾರೂ ಏನೂ ಹೇಳಲಿಲ್ಲ. ಫೋನಿನಲ್ಲಿ 'ನಿಮ್ಮನ್ನು ತೆಗೆದುಹಾಕಲಾಗಿದೆ' ಎಂಬ ಸಾಲು ಬಂತು, ಅಷ್ಟೇ. ಮಗಳಿಗೆ ರಾಜ್ಯೋತ್ಸವದ ನೃತ್ಯದಲ್ಲಿ ಜಾಗ ಇರಲಿಲ್ಲ, ಮಕ್ಕಳು ಜಾಸ್ತಿಯಾದರು ಎಂದರಂತೆ. ಮೇಲ್ಮನವಿಗೆ ಒಂದು ಪತ್ರ ಕೊಡಿ, ಮಕ್ಕಳು ಇಲ್ಲಿ ಹೇಗೆ ಬೆಳೆದಿದ್ದಾರೆ ಎಂದಷ್ಟೇ ಬರೆಯಿರಿ ಎಂದು ಸಂಘದ ಪದಾಧಿಕಾರಿಯೊಬ್ಬರನ್ನು ಕೇಳಿದಾಗ, "ಸಂಘದ ಹೆಸರು ಇಂಥದ್ದರಲ್ಲಿ ಬರೋದು ಬೇಡಮ್ಮ" ಎಂದರು. ಯಾವ ಸಂಘ ಎಂದು ಬರೆಯುವುದಿಲ್ಲ. ಓದಿದರೆ ಅವರಿಗೆ ಗೊತ್ತಾಗುತ್ತದೆ.

ಹಾಗೆಂದು ಯಾರೂ ಪತ್ರ ಕೊಡಲಿಲ್ಲ ಎಂದಲ್ಲ. ಒಳ್ಳೆಯ ಮನಸ್ಸಿನ ಕೆಲವರು ಕೊಟ್ಟರು. ಆ ಪತ್ರಗಳನ್ನೆಲ್ಲ ನಾನು ನೋಡಿದೆ. "ಇವರು ನನಗೆ ಹತ್ತು ವರ್ಷದಿಂದ ಪರಿಚಯ. ಒಳ್ಳೆಯ ಮನೆತನ. ದೈವಭಕ್ತರು. ಸ್ನೇಹಜೀವಿ." ಎಲ್ಲದರಲ್ಲೂ ಅದೇ. ಒಂದರಲ್ಲೂ ಅವನು ಏನು ಮಾಡಿ ಜೈಲಿಗೆ ಹೋದ ಎಂಬ ಮಾತಿಲ್ಲ. ಬರೆದವರಲ್ಲಿ ಒಬ್ಬರು ಸಾಕ್ಷಿ ಹೇಳಲು ಬಂದರು. ಅಪರಾಧ ಏನು ಗೊತ್ತೇ ಎಂದು ಕೇಳಿದಾಗ, "ಏನೋ ಒಂದು ಆಕ್ಸಿಡೆಂಟ್" ಎಂದರು. ಅಲ್ಲಿಗೆ ಆ ಪತ್ರದ ಕಥೆ ಮುಗಿಯಿತು. ಅಪರಾಧ ಗೊತ್ತಿಲ್ಲದವರ ಹೊಗಳಿಕೆಗೆ ಟ್ರಿಬ್ಯೂನಲ್‌ನಲ್ಲಿ ಬೆಲೆ ಇಲ್ಲ, ಇರಲೂಬಾರದು.

ಕೇಳಿದ್ದನ್ನು ಸುಮ್ನೆ ಮುಂದೆ ಕಳಿಸುವ ಚಾಳಿಯೂ ನಮ್ಮದೇ. 2011ರಲ್ಲಿ ಅಂದಿನ ಗೃಹ ಸಚಿವೆ ಥೆರೆಸಾ ಮೇ ಪಕ್ಷದ ಸಮ್ಮೇಳನದಲ್ಲಿ ನಿಂತು, ಬೆಕ್ಕು ಸಾಕಿದ್ದಾನೆ ಎಂಬ ಕಾರಣಕ್ಕೆ ಒಬ್ಬನನ್ನು ಕಳಿಸಲಾಗಲಿಲ್ಲ ಎಂದರು. ತೀರ್ಪಿಗೂ ಬೆಕ್ಕಿಗೂ ಸಂಬಂಧವಿಲ್ಲ ಎಂದು ನ್ಯಾಯಾಂಗದ ಕಚೇರಿಯೇ ಹೇಳಬೇಕಾಯಿತು. ಅಲ್ಲಿ ಸರ್ಕಾರ ತನ್ನದೇ ನಿಯಮ ಪಾಲಿಸಿರಲಿಲ್ಲ, ಅದಕ್ಕೆ ಸೋತಿತ್ತು. 2025ರ ಫೆಬ್ರವರಿಯಲ್ಲಿ ಮಗನಿಗೆ ಬೇರೆ ದೇಶದ ಚಿಕನ್ ನಗೆಟ್ಸ್ ಹಿಡಿಸುವುದಿಲ್ಲ ಎಂಬ ಕಾರಣಕ್ಕೆ ಅಲ್ಬೇನಿಯಾದ ಅಪರಾಧಿ ಉಳಿದುಕೊಂಡ ಎಂಬ ಸುದ್ದಿ ಹರಿದಾಡಿತು. ನಮ್ಮ ಗುಂಪುಗಳಲ್ಲೂ ಬಂತು, ನಗುವ ಮುಖಗಳ ಸಮೇತ. ಅಸಲಿಗೆ ಆ ಮಗು ವಿಶೇಷ ಅಗತ್ಯಗಳಿರುವ ಮಗು. ಕೆಳಗಿನ ನ್ಯಾಯಾಧೀಶರು ಕೊಟ್ಟಿದ್ದ ಆ ಒಂದು ಉದಾಹರಣೆ ಸಾಲದು ಎಂದು ಅಪ್ಪರ್ ಟ್ರಿಬ್ಯೂನಲ್ ಆ ತೀರ್ಪನ್ನೇ ರದ್ದು ಮಾಡಿ, ಮತ್ತೆ ವಿಚಾರಣೆ ನಡೆಸಿ ಎಂದಿತ್ತು. ಸುದ್ದಿ ಓಡಾಡುತ್ತಿದ್ದಾಗ ಅವನು ಗೆದ್ದಿರಲೇ ಇಲ್ಲ. ಅಪ್ಪರ್ ಟ್ರಿಬ್ಯೂನಲ್ ತೀರ್ಪುಗಳು ಆನ್‌ಲೈನ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಓದಲು ಅರ್ಧ ಗಂಟೆ ಸಾಕು.

ನಮ್ಮವರ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತು. ನಾವು ಒಳ್ಳೆಯ ವಲಸಿಗರು, ಓದಿದವರು, ತೆರಿಗೆ ಕಟ್ಟುವವರು, ಇಂಥವರ ಜೊತೆ ನಮ್ಮನ್ನು ಸೇರಿಸಬೇಡಿ ಎಂಬ ಭಾವನೆ. ಒಪ್ಪುತ್ತೇನೆ, ದುಡಿದು ಗಳಿಸಿದ ಹೆಸರು ಅದು. ಆದರೆ ಕಾರು ಓಡಿಸುವಾಗ ಫೋನ್ ನೋಡುವವರು ನಮ್ಮಲ್ಲಿ ಯಾರೂ ಇಲ್ಲವೇ? ಕಾಲೇಜಿಗೆ ಹೋಗುವ ಮಗ ಶುಕ್ರವಾರ ರಾತ್ರಿ ಜಗಳದಲ್ಲಿ ಒಬ್ಬನನ್ನು ತಳ್ಳಿ ಅವನು ತಲೆ ಒಡೆದುಕೊಂಡರೆ? ಮೂರು ವರ್ಷಕ್ಕೆ ಬಂದ ಮಗ, ಭಾರತದ ಪಾಸ್‌ಪೋರ್ಟ್, 14 ತಿಂಗಳ ಶಿಕ್ಷೆ. ಅಂದು ನೀವು ಹುಡುಕುವುದು ಇದೇ 8ನೇ ವಿಧಿಯನ್ನು.

ಆದ್ದರಿಂದ ನನ್ನ ಕೋರಿಕೆಗಳು.

ಸಂಘಗಳ ಪದಾಧಿಕಾರಿಗಳೇ, ಜೈಲಿಗೆ ಹೋದವರ ಹೆಂಡತಿ ಮಕ್ಕಳನ್ನು ಸದಸ್ಯತ್ವದಿಂದ, ಗುಂಪಿನಿಂದ, ಮಕ್ಕಳ ಕಾರ್ಯಕ್ರಮದಿಂದ ಹೊರಗಿಡಬೇಡಿ. ಪತ್ರ ಕೇಳಿದರೆ ಕೊಡಿ. ಆದರೆ ಸುಳ್ಳು ಹೊಗಳಿಕೆ ಬೇಡ. ಅಪರಾಧ ಏನೆಂದು ಮೊದಲು ಕೇಳಿ ತಿಳಿದುಕೊಳ್ಳಿ, ಅದನ್ನು ಪತ್ರದಲ್ಲೇ ಬರೆಯಿರಿ. ಆಮೇಲೆ ನೀವು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ: ಮಗುವನ್ನು ತರಗತಿಗೆ ಯಾರು ಕರೆತರುತ್ತಿದ್ದರು, ಅಪ್ಪ ಹೋದ ಮೇಲೆ ಮಗುವಿನಲ್ಲಿ ಏನು ಬದಲಾಯಿತು, ಕನ್ನಡ ಓದಲು ಬರೆಯಲು ನಿಜವಾಗಿ ಎಷ್ಟು ಬರುತ್ತದೆ. ಒಂದು ಪುಟ ಸಾಕು. ಪತ್ರ ಕೊಡುವುದೆಂದರೆ ಅಪರಾಧಿಯ ಪರ ನಿಲ್ಲುವುದಲ್ಲ, ನ್ಯಾಯಾಧೀಶರಿಗೆ ಮಗುವನ್ನು ಕಾಣಿಸುವುದು. ವರ್ಷಕ್ಕೊಮ್ಮೆ ಹಬ್ಬದ ಕಾರ್ಯಕ್ರಮದ ಬದಿಯಲ್ಲಿ ಒಬ್ಬ ವಲಸೆ ವಕೀಲರನ್ನು ಕರೆಸಿ ಒಂದು ಗಂಟೆ ಮಾತಾಡಿಸಿ. ಆಸ್ತಿ ಹೂಡಿಕೆಯವರಿಗೆ ಸ್ಟಾಲ್ ಕೊಡುತ್ತೇವಲ್ಲ, ಇದಕ್ಕೂ ಒಂದು ಮೇಜು ಕೊಟ್ಟರಾಯಿತು.

ತಂದೆ ತಾಯಿಯರೇ, ನಿಮ್ಮ ಪಾಸ್‌ಪೋರ್ಟ್ ವಿಷಯದಲ್ಲಿ ನಿಮ್ಮ ನಿರ್ಧಾರ ನಿಮ್ಮದು. ಮಕ್ಕಳ ವಿಷಯವನ್ನು ಮುಂದೂಡಬೇಡಿ. ಇಲ್ಲಿ ಹುಟ್ಟಿದ ಮಗು ತಾನಾಗಿಯೇ ಬ್ರಿಟಿಷ್ ಅಲ್ಲ. ಹುಟ್ಟುವ ಹೊತ್ತಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಬ್ರಿಟಿಷ್ ಆಗಿರಬೇಕು ಅಥವಾ ಐಎಲ್‌ಆರ್ ಪಡೆದಿರಬೇಕು. ಆಮೇಲೆ ಐಎಲ್‌ಆರ್ ಸಿಕ್ಕಿದರೆ, ಅಥವಾ ಹುಟ್ಟಿ ಹತ್ತು ವರ್ಷ ಇಲ್ಲೇ ಬೆಳೆದರೆ, ಅರ್ಜಿ ಹಾಕಿ ನೋಂದಾಯಿಸಬೇಕು. ಭಾರತದಲ್ಲಿ ಹುಟ್ಟಿ ಬಂದ ಮಗುವಿನ ವಿಷಯ ಬೇರೆ, ಅದಕ್ಕೆ ವಕೀಲರ ಸಲಹೆ ಪಡೆಯಿರಿ. ಶುಲ್ಕ ದೊಡ್ಡ ಮೊತ್ತವೇ. ಮಗುವಿಗೆ ಹತ್ತು ವರ್ಷ ತುಂಬಿದ ಮೇಲೆ ನಡತೆಯನ್ನೂ ನೋಡುತ್ತಾರೆ ಎಂಬುದು ನೆನಪಿರಲಿ. ಹದಿಹರೆಯದ ಒಂದು ಪೊಲೀಸ್ ಪ್ರಕರಣ ಅಲ್ಲಿ ಅಡ್ಡ ಬರಬಹುದು.

ಮತ ಇರುವವರೇ, ಅಂದರೆ ಹೆಚ್ಚು ಕಡಿಮೆ ನೀವೆಲ್ಲರೂ. ಭಾರತದ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ಪ್ರಜೆಯಾಗಿ ಇಲ್ಲಿ ಕಾನೂನುಬದ್ಧವಾಗಿ ವಾಸವಾಗಿರುವ ನಮಗೆ ಸಂಸತ್ತಿನ ಚುನಾವಣೆಯಲ್ಲಿ ಮತ ಇದೆ. ನಿಮ್ಮ ಕ್ಷೇತ್ರದ ಸಂಸದರಿಗೆ ಬರೆಯಿರಿ. ಅಪರಾಧಿಗಳನ್ನೆಲ್ಲ ಉಳಿಸಿಕೊಳ್ಳಿ ಎಂದು ಬರೆಯಬೇಕಿಲ್ಲ. ಮೂರು ಮಾತು ಕೇಳಿ. ಮಗುವಿಗೆ ಆಗುವ ಪೆಟ್ಟನ್ನು ಅಳೆಯುವಾಗ ಈ ಮಗುವನ್ನೇ ನೋಡಬೇಕು ಎಂಬ ಸುಪ್ರೀಂ ಕೋರ್ಟಿನ ಮಾತನ್ನು ಹೊಸ ಕಾನೂನು ಅಳಿಸಬಾರದು. ಚಿಕ್ಕ ಮಕ್ಕಳಿರುವವರ ಮೇಲ್ಮನವಿಯನ್ನು ಅವರು ಇಲ್ಲಿರುವಾಗಲೇ ಕೇಳಬೇಕು, ಬೇಕಿದ್ದರೆ ಬೇಗ ಕೇಳಲಿ. ಮಕ್ಕಳಿರುವ ಗಡಿಪಾರು ಪ್ರಕರಣಗಳಿಗೆ ಕಾನೂನು ನೆರವು ವಾಪಸ್ ಬರಬೇಕು. ಇವುಗಳಲ್ಲಿ ಯಾವುದೂ ಒಬ್ಬ ಅಪಾಯಕಾರಿ ಮನುಷ್ಯನನ್ನು ಬೀದಿಗೆ ಬಿಡುವುದಿಲ್ಲ.

ಸಮಯ ಇದ್ದರೆ ಒಂದು ಬೆಳಿಗ್ಗೆ ಹೋಗಿ ವಿಚಾರಣೆ ನೋಡಿ ಬನ್ನಿ. ಬಹುತೇಕ ವಿಚಾರಣೆಗಳಿಗೆ ಸಾರ್ವಜನಿಕರು ಹೋಗಿ ಕೂರಬಹುದು, ಯಾರ ಅಪ್ಪಣೆಯೂ ಬೇಕಿಲ್ಲ.

ಕೊನೆಯದಾಗಿ, ಆ ಊರಿನ ಗುಂಪಿನ ಅಡ್ಮಿನ್ ಇದನ್ನು ಓದುತ್ತಿದ್ದರೆ: ಅವಳ ನಂಬರ್ ಬದಲಾಗಿಲ್ಲ. ಮತ್ತೆ ಸೇರಿಸಿಕೊಳ್ಳಿ. ಈ ಸಲದ ರಾಜ್ಯೋತ್ಸವದ ಅಭ್ಯಾಸ ಶುರುವಾಗುವ ಮುಂಚೆಯೇ ಸೇರಿಸಿಕೊಳ್ಳಿ.

ಇತಿ,
ನಿಮ್ಮವಳೇ ಆದ ಒಬ್ಬ ಕನ್ನಡತಿ